ಅಳಿಯ ಬರಲಿ, ಆಮೇಲೆ ಪಾಸ್ತಾ

ಒಲೆಯಿಂದ ಇಳಿಸಿದ ಪಾಸ್ತಾ ಯಾರಿಗೂ ಕಾಯುವುದಿಲ್ಲ. ನಮ್ಮ ಅವ್ವ ಕಾಯುತ್ತಾಳೆ. ಮೊನ್ನೆ ಸಂಜೆ ಈ ಎರಡರ ನಡುವೆ ಸಿಕ್ಕಿ ನಾನು ಒದ್ದಾಡಿಹೋದೆ.

ಅವ್ವ ಡಿ. ಹಿರೇಹಾಳಿನಿಂದ ಬಂದಿದ್ದಳು. ನಾನು ಕಾಲೇಜಿನಿಂದ (ಅಲ್ಲಿ ಪಾಠ ಹೇಳುತ್ತೇನೆ) ಬಂದವಳೇ ಅಡುಗೆಮನೆಗೆ ನುಗ್ಗಿದೆ. ರೊಟ್ಟಿ ತಟ್ಟುವಷ್ಟು ಪುರುಸೊತ್ತು ಯಾರಿಗಿದೆ? ಒಂದು ಕಡೆ ಪಾಸ್ತಾ ಕುದಿಯಿತು. ಇನ್ನೊಂದು ಕಡೆ ಬೆಣ್ಣೆ, ಚಮಚ ಮೈದಾ, ಹಾಲು. ಅದಕ್ಕೆ ಕ್ಯಾರೆಟ್, ಬೀನ್ಸ್, ಬೆಂದ ಪಾಸ್ತಾ ಬಿದ್ದವು. ಮೇಲೆ ಚೀಸ್ ತುರಿದೆ. ಮುಗಿಯಿತು!

ಅವ್ವ ಇಣುಕಿದಳು. "ಇದೇನಬೇ, ಪಾಯಸದಾಗ ಕಾಯಿಪಲ್ಲೆ ಹಾಕೀಯಲ್ಲ?"

"ಪಾಯಸ ಅಲ್ಲಬೇ. ಬಾ, ಉಣ್ಣು. ಆರಿದ್ರ ಗಟ್ಟಿ ಆಗ್ತೈತಿ."

"ಅಳಿಯಂದ್ರು ಬರ್ಲಿ."

ಮಗಳ ಮನೆಯಲ್ಲಿ ಅಳಿಯನಿಗಿಂತ ಮೊದಲು ಅತ್ತೆ ಉಣ್ಣಬಾರದು. ಇದು ಅವ್ವನ ಕಾನೂನು. ಅಳಿಯಂದ್ರೋ ಬಟ್ಟೆ ಅಂಗಡಿಯಲ್ಲಿ, ಅವತ್ತೇ ಬಂದ ಲೋಡು ಇಳಿಸಿಕೊಳ್ಳುತ್ತಿದ್ದರು.

ಕಾದರೇನು ಅಂತೀರಾ? ಅವ್ವ ಆಗಲೇ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಕೂತಿದ್ದಳು. ನುಂಗಿದ ಮೇಲೆ ತಡಮಾಡದೆ ಉಣ್ಣಬೇಕು, ಇಲ್ಲದಿದ್ದರೆ ರಕ್ತದಲ್ಲಿನ ಸಕ್ಕರೆ ತೀರಾ ಕುಸಿಯುತ್ತದೆ.

ನಾನು ಬಾಗಿಲಿಗೂ ಒಲೆಗೂ ಓಡಾಡಿದೆ. ಪಾಸ್ತಾ ಗಟ್ಟಿಯಾಯಿತು. ಹಾಲು ಹಾಕಿ ಬಿಸಿ ಮಾಡಿದೆ. ಮತ್ತೆ ಗಟ್ಟಿಯಾಯಿತು. ತಿರುಗಿ ನೋಡಿದರೆ ಅವ್ವನ ಹಣೆಯಲ್ಲಿ ಬೆವರು, ಕೈಯಲ್ಲಿ ಸಣ್ಣ ನಡುಕ.

"ಬೆವರಾಕತ್ತೀಯಲ್ಲಬೇ!"

"ಸೆಕಿ, ಬಿಡು." (ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.)

ಚಮಚದಲ್ಲಿ ಸಕ್ಕರೆ ತಂದೆ. ತುಟಿ ಬಿಗಿದಳು.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಂಡವರ ಹೊಲದಲ್ಲಿ ಕಳೆ ತೆಗೆದು ಓದಿಸಿದವಳು ಇದೇ ಅವ್ವ. ಅವಳಿಗೆ ಗುಳಿಗೆಯ ಕೆಲಸ ಬಿಡಿಸಿ ಹೇಳಿದೆ. ಕೇಳಲಿಲ್ಲ. ಬೈದೆ. ಕೊನೆಗೆ ಅತ್ತೇಬಿಟ್ಟೆ.

"ಓದಿದಾಕಿ ನೀ. ನಿಂಗ ಇದೆಲ್ಲ ತಿಳಿಯಂಗಿಲ್ಲ" ಅಂದಳು!

ಗಂಡನಿಗೆ ಫೋನು ಹಚ್ಚಿ, ವಿಷಯ ಹೇಳಿ, ಸ್ಪೀಕರ್ ಒತ್ತಿದೆ. ಅವರ ದನಿ ಕೇಳಿದ್ದೇ ತಡ, ಅವ್ವ ತಲೆ ಮೇಲೆ ಸೆರಗು ಎಳೆದುಕೊಂಡಳು. (ವಿಡಿಯೋ ಕಾಲ್ ಅಲ್ಲ, ಬರೀ ದನಿ!)

"ಅತ್ತೀ, ನಂದು ತಡ ಆಗ್ತೈತ್ರಿ. ನೀವು ಉಂಡ್ಬಿಡ್ರಿ."

"ಹೌದ್ರಿ? ಆತ್ರಿ, ಉಣ್ತೀನ್ರಿ."

ಸಕ್ಕರೆ ಬಾಯಿಗೆ ಹೋಯಿತು. ಹಿಂದೆಯೇ ಮುದ್ದೆಯಾಗಿದ್ದ ಪಾಸ್ತಾವೂ ಹೋಯಿತು. ಸ್ವಲ್ಪ ಹೊತ್ತಿಗೆ ಬೆವರು ನಿಂತಿತು. "ಚಲೋ ಐತಿ, ಒಂದೀಟು ಹಸಿಮೆಣಸಿನಕಾಯಿ ಬೇಕಿತ್ತು" ಎಂಬ ತೀರ್ಪೂ ಬಂತು.

ನನಗೆ ಮಾತ್ರ ಅವತ್ತಿನಿಂದ ಸಮಾಧಾನವಿಲ್ಲ. ಮಗಳು ಅತ್ತರೂ ತೆರೆಯದ ಬಾಯಿ ಅಳಿಯನ ಒಂದು ಮಾತಿಗೆ ತೆರೆಯಿತು. ಅವರ ಫೋನು ಸ್ವಿಚ್ ಆಫ್ ಆಗಿದ್ದರೆ?