ಇನ್ನೊಬ್ಬರ ತಾಯಿಯಾಗಿ ಕೂತಿದ್ದ ಮಧ್ಯಾಹ್ನ

ಸವದತ್ತಿಯಿಂದ ರಾಮದುರ್ಗದವರೆಗೆ ಗುಡ್ಡದ ಮೇಲಿಂದಲೇ ನಡೆದುಹೋಗಬೇಕೆಂದು ನನಗೆ ಯಾಕೆ ಅನ್ನಿಸಿತೋ ಈಗಲೂ ಸರಿಯಾಗಿ ಹೇಳಲಾರೆ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಚಿ ಇಡುವುದು. ಐವತ್ತು ದಾಟಿದ ಮೇಲೆ ಮೊಣಕಾಲು ಹಿಡಿದುಕೊಂಡವು. ಡಾಕ್ಟರು ನಡೆಯಿರಿ ಎಂದರು. ಮೊದಲು ನಸುಕಿನಲ್ಲಿ ಎಪಿಎಂಸಿ ಅಂಗಳ ಸುತ್ತಿದೆ. ಆಮೇಲೆ ಅಂಗಡಿಗೆ ರಜೆಯಿದ್ದ ದಿನ ಸೊಗಲದ ಗುಡ್ಡ, ಕಿತ್ತೂರಿನ ಆಚೆಯ ಗುಡ್ಡ ಹತ್ತಿ ಬಂದೆ. ಒಬ್ಬಳೇ ಹೋಗುತ್ತಿದ್ದೆ. ಜೊತೆಗೆ ಯಾರಾದರೂ ಇದ್ದರೆ ಮಾತು ಸುತ್ತಿ ಬಳಸಿ ಅಂಗಡಿಗೇ ಬಂದು ನಿಲ್ಲುತ್ತಿತ್ತು.

ಮನೆಯವರು ಬೇಡವೆನ್ನಲಿಲ್ಲ. ಹರಕೆ ಹೊತ್ತಿದ್ದೀಯಾ ಎಂದು ಮಾತ್ರ ಕೇಳಿದರು. ಇಲ್ಲವೆಂದೆ. ಹಾಗಾದರೆ ಯಾಕೆ ಎಂದರು. ನಾನು ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಂಡೆ.

ಮೊದಲ ದಿನ ಸುಸೂತ್ರವಾಗಿ ಸಿರಸಂಗಿ ಮುಟ್ಟಿ ನಾದಿನಿಯ ಮನೆಯಲ್ಲಿ ಮಲಗಿದೆ. ದಾರಿ ತಪ್ಪಿದ್ದು ಮರುದಿನ. ಮೋಡ ಕವಿದು ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಗುಡ್ಡದ ನೆತ್ತಿ ಸಪಾಟು, ಅದರ ತುಂಬ ಗಾಳಿಯಂತ್ರಗಳು. ಒಂದೊಂದಕ್ಕೂ ಒಂದೊಂದು ಕೆಂಪು ಮಣ್ಣಿನ ರಸ್ತೆ ಮಾಡಿದ್ದರು. ಯಾವ ರಸ್ತೆ ಹಿಡಿದರೂ ಅದು ಯಂತ್ರದ ಬುಡಕ್ಕೆ ಹೋಗಿ ಮುಗಿದುಬಿಡುತ್ತಿತ್ತು. ಎಲ್ಲ ಯಂತ್ರಗಳ ಮುಖವೂ ಒಂದೇ ಕಡೆ ಇತ್ತು. ಫೋನು ಸ್ವಲ್ಪ ಹೊತ್ತು ನಕ್ಷೆ ತೋರಿಸಿದಂತೆ ಮಾಡಿ ಆರಿಹೋಯಿತು. ಒಂದು ಕಡೆ ದೂರದಲ್ಲಿ ಯಾರೋ ಹೆಂಗಸು ಕೂತಂತೆ ಕಂಡಿತು. ಹುಲ್ಲು ಕೊಯ್ಯಲು ಬಂದಿರಬೇಕೆಂದು ಕೈಬೀಸಿ ಮುಂದೆ ನಡೆದೆ.

ಕೊನೆಗೆ ಒಂದು ಹಳ್ಳದ ಗುಂಟ ಇಳಿದಾಗ ಕೆಳಗೆ ನಾಲ್ಕಾರು ಮನೆಗಳು ಸಿಕ್ಕವು. ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಬಹಳ ಹೊತ್ತು ನೋಡಿ, ಎಲ್ಲಿಂದ ಬಂದಿರೆಂದು ಕೇಳಿದಳು. ಸಿರಸಂಗಿಯಿಂದ ಎಂದೆ. ಎಲ್ಲಿಗೆ ಎಂದಳು. ರಾಮದುರ್ಗಕ್ಕೆ ಎಂದೆ. ರಾಮದುರ್ಗ ನಿಮ್ಮ ಬೆನ್ನ ಹಿಂದಾಯಿತು, ಯಾವ ಗುಡ್ಡ ಇಳಿದಿರಿ ಎಂದಳು. ನಾನು ಒಂದು ಗುಡ್ಡ ತೋರಿಸಿದೆ, ಅನುಮಾನ ಬಂದು ಇನ್ನೊಂದನ್ನು ತೋರಿಸಿದೆ. ಅವಳು ಕೈ ತೊಳೆದುಕೊಂಡು ಒಳಗೆ ಹೋದಳು.

ಹೊರಗೆ ಬಂದ ಅವಳ ಗಂಡ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ವಾಟ್ಸಾಪಿನಲ್ಲಿ ಬಂದಿದ್ದ ಒಂದು ದನಿಯನ್ನು ಕೇಳಿಸಿದ. ಯಾರದೋ ತಾಯಿ ನಿನ್ನೆಯಿಂದ ಕಾಣೆಯಾಗಿದ್ದರು. ಬಿಳಿಕೂದಲು, ಹಸಿರು ಸೀರೆ. ನೆನಪು ಉಳಿಯುವುದಿಲ್ಲ, ಇರದ ಊರಿನ ದಾರಿ ಕೇಳುತ್ತಾರೆ, ಕಂಡರೆ ದಯವಿಟ್ಟು ಕೂರಿಸಿಕೊಳ್ಳಿ. ಜೊತೆಗೆ ಬಂದಿದ್ದ ಫೋಟೋ ತೆರೆಯುತ್ತಲೇ ಇರಲಿಲ್ಲ. ನನ್ನ ಕೂದಲೂ ಬೆಳ್ಳಗೆ, ನನ್ನದೂ ಹಸಿರು ಸೀರೆ. ನಗು ಬಂತು. ಅವರಿಬ್ಬರೂ ನಗಲಿಲ್ಲ.

"ನಾ ಅಲ್ಲರಿ ಆಕಿ. ಬೈಲಹೊಂಗಲದಾಗ ನಮ್ದು ಅರಿವಿ ಅಂಗಡಿ ಐತಿ," ಎಂದೆ.

"ಹೌದರಿ ಅವ್ವಾರ, ಐತಿ," ಎಂದಳು ಅವಳು, ಕೂಸಿಗೆ ಹೇಳುವ ಹಾಗೆ. "ಮಜ್ಜಿಗಿ ಕುಡೀರಿ. ನಿಮ್ಮ ಮಗ ಬರಾಕತ್ತಾನ."

ಮನೆಗೆ ಫೋನು ಹಚ್ಚಿಕೊಡಿ ಎಂದೆ. ಮನೆಯವರ ನಂಬರು ಬಾಯಿಗೆ ಬರಲಿಲ್ಲ. ನೆನಪಾದಂತೆ ಹೇಳಿದ ನಂಬರಿನಲ್ಲಿ ಯಾರೋ ಅಪರಿಚಿತರು ಎತ್ತಿದರು. ಇವರಿಬ್ಬರು ನನ್ನ ಗಂಡನ ಹೆಸರು ಕೇಳಿದರು. ಹೆಸರು ಹಿಡಿದು ಹೇಳುವ ರೂಢಿಯಿಲ್ಲದ ನಾಲಿಗೆ ತಡವರಿಸಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನಾನು ಏನು ಹೇಳಿದರೂ ಆ ದನಿ ಹೇಳಿದ ಮುದುಕಿಯ ಹಾಗೆಯೇ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ನನಗೇ ಹೆದರಿಕೆಯಾಯಿತು. ಬೆಳಗ್ಗೆ ನಾದಿನಿ ರೊಟ್ಟಿ ಕಟ್ಟಿಕೊಟ್ಟಿದ್ದು ನಿಜವೇ ಎಂದು ಚೀಲ ಬಿಚ್ಚಿ ನೋಡಿದೆ. ರೊಟ್ಟಿ ಇದ್ದವು, ಶೇಂಗಾ ಚಟ್ನಿಯೂ ಇತ್ತು. ಆದರೂ ಪೂರ್ತಿ ಧೈರ್ಯ ಬರಲಿಲ್ಲ.

ಮಗ ಬೈಕಿನ ಮೇಲೆ ಬಂದ. ನಲವತ್ತರ ಆಸುಪಾಸಿನವನು, ನಿದ್ದೆಯಿಲ್ಲದ ಕಣ್ಣು. ಓಡುತ್ತ ಬಂದವನು ನನ್ನ ಮುಖ ಕಂಡು ಅಲ್ಲೇ ನಿಂತ. ಇವರಲ್ಲ ಎಂದು ಮೆಲ್ಲಗೆ ಹೇಳಿ, ನನಗೆ ಕೈಮುಗಿದು, ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ನಾನೇ ಎಂದು ರುಜುವಾತಾದದ್ದಕ್ಕೆ ಹಗುರಾಗಬೇಕಿತ್ತು. ಆಗಲಿಲ್ಲ. ಅವನ ತಾಯಿ ಆಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಆಗ ಗುಡ್ಡದ ಮೇಲೆ ಕಂಡ ಹೆಂಗಸಿನ ನೆನಪಾಯಿತು. ಹೇಳಿದೆ. ಎಲ್ಲಿ ಎಂದರೆ ಏನು ಹೇಳಲಿ? ಕೂತಿದ್ದಳೋ ನಿಂತಿದ್ದಳೋ, ನನಗೆ ಕೈಬೀಸಿದಳೋ ಗಾಳಿಗೆ ಸೆರಗು ಹಾರಿತೋ, ಯಾವುದೂ ಖಚಿತವಿರಲಿಲ್ಲ.

"ಅಷ್ಟಽ ಸಾಕ್ರಿ. ನನ್ನ ಕೂಡ ಬರ್ರಿ ಅವ್ವಾ," ಎಂದ.

ಅವನ ಬೆನ್ನ ಹಿಂದೆ ಕೂತು ಮತ್ತೆ ಗುಡ್ಡ ಹತ್ತಿದೆ. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದೆವು. ಇದೇ ಎಂದೆ, ಅಲ್ಲ. ಅದು ಎಂದೆ, ಅದೂ ಅಲ್ಲ. ಅವನು ಒಮ್ಮೆಯೂ ಬೇಸರಿಸಲಿಲ್ಲ. ತಲೆಯ ಮೇಲೆ ರೆಕ್ಕೆಗಳ ಬೀಸು ಕೇಳಿ ಕೇಳಿ ಕಿವಿ ಸೋತಾಗ, ಆ ಹೆಂಗಸನ್ನು ಕಂಡ ಜಾಗದಲ್ಲಿ ಈ ಸದ್ದೇ ಇರಲಿಲ್ಲವಲ್ಲ ಎಂದು ಹೊಳೆಯಿತು. ಸುತ್ತ ನೋಡಿದೆವು. ಅಷ್ಟು ಯಂತ್ರಗಳಲ್ಲಿ ಒಂದೇ ಒಂದು ತಿರುಗದೆ ಸುಮ್ಮನೆ ನಿಂತಿತ್ತು.

ಅವನ ತಾಯಿ ಅದರ ಬುಡದಲ್ಲಿ ಗಾಳಿಗೆ ಮರೆಯಾಗಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದರು. ಮಗ ಅವ್ವಾ ಎಂದು ಕರೆದು ಮುಂದೆ ಕುಕ್ಕರಿಸಿದ. ಅವರು ಅವನನ್ನು ನೋಡಿ, ಯಾರೋ ದಾರಿಹೋಕರನ್ನು ಕೇಳುವಂತೆ ನೀವು ಯಾರೆಂದು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕೈ ಹಿಡಿದುಕೊಂಡರು.

"ಎಷ್ಟ ತಡಾ ಮಾಡಿದೆ. ಬಾ, ಕುಂದ್ರು," ಎಂದರು.

ಕೂತೆ. ನನ್ನನ್ನು ಯಾರೆಂದು ತಿಳಿದಿದ್ದರೋ ಮಗನಿಗೂ ಗೊತ್ತಿರಲಿಲ್ಲ. ಅವರಿಗೆ ಅಕ್ಕತಂಗಿಯರು ಯಾರೂ ಇರಲಿಲ್ಲವಂತೆ. ರೊಟ್ಟಿ ಮುರಿದು ಕೊಟ್ಟೆ, ತಿಂದರು. ನಾನು ತಿನ್ನದೆ ಕೂತಾಗ ಗದರಿಸಿದರು. ಮಗ ಅತ್ತ ಮುಖ ಮಾಡಿ ಫೋನಿನಲ್ಲಿ ಮನೆಯವರಿಗೆ ತಾಯಿ ಸಿಕ್ಕ ಸುದ್ದಿ ಹೇಳುತ್ತಿದ್ದ.

ಜೀಪು ಬರುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ಅವರ ಮನೆಯವರೇ ನನ್ನನ್ನು ಡಾಂಬರು ರಸ್ತೆಗೆ ಬಿಟ್ಟರು. ಆ ಸಲ ನಾನು ರಾಮದುರ್ಗ ಮುಟ್ಟಲಿಲ್ಲ.

ಆಮೇಲೆ ಮಗ ಆಗಾಗ ಫೋನು ಮಾಡಿ, ಆಕಿ ಬಂದಳೇನು ಎಂದು ಅವ್ವ ಕೇಳುತ್ತಿರುತ್ತಾಳೆ ಎನ್ನುತ್ತಿದ್ದ. ದೀಪಾವಳಿ ಮುಗಿದ ಮೇಲೆ ಒಂದು ದಿನ ಹೋದೆ. ಅವರು ಬಾಗಿಲಲ್ಲೇ ಕೂತಿದ್ದರು. ನನ್ನನ್ನು ನೋಡಿ, ಯಾರು ಬೇಕಾಗಿತ್ತೆಂದು ಬಹಳ ಮರ್ಯಾದೆಯಿಂದ ಕೇಳಿದರು. ನಾನು ಕುಡಿಯಲು ನೀರು ಕೇಳಿದೆ.