ಕುದುರೆ ಮನೆಯ ಕಾಲಾಳು

ಫೋನಿನೊಳಗಿನ ಚೆಸ್ಸಿನ ಮೇಲೆ ನನಗೆ ಮೊದಲಿಂದಲೂ ಗುಮಾನಿ. ಹುಣಸೂರಿಗೆ ದಾರಿ ಕೇಳಿದರೆ ಕೆರೆ ಏರಿ ಹತ್ತಿಸುವ ಫೋನು ಅದು. ಅದು ಹೇಳಿದ ಚೆಕ್‌ಮೇಟನ್ನು ಕಣ್ಣು ಮುಚ್ಚಿ ಒಪ್ಪೋದಾ? ಆದರೂ ಹೋದ ವರ್ಷ ಒಂದು ಮಧ್ಯಾಹ್ನ ಗಂಡನನ್ನು ಬಿಟ್ಟು ಅದನ್ನೇ ನಂಬಿದೆ.

ನಮ್ಮ ಯಜಮಾನರಿಗೆ ಬೇಸಿಗೆಯಲ್ಲಿ ಲಕ್ವ ಹೊಡೆದಿತ್ತು. ಕೈಕಾಲು ಹೆಂಗೋ ಸುಧಾರಿಸಿತು, ಮಾತು ಮಾತ್ರ ನಾಲ್ಕೈದರಾಚೆ ಬರಲಿಲ್ಲ. ಮೈಸೂರಿನ ಡಾಕ್ಟರು ಇವತ್ತು ಯಾವ ವಾರ ಅಂತ ಕೇಳಿದರೆ ಇವರು ಸುಮ್ಮನೆ ನಕ್ಕರು. ಜೊತೆಗೆ ಬಂದಿದ್ದ ನನ್ನ ಮೈದುನ ಊರಿಗೆ ಬಂದವನೇ ಶುರು ಮಾಡಿದ.

"ಅತ್ಗೆ, ಅಣ್ಣನ ಬುದ್ಧಿ ನೆಟ್ಗಿಲ್ಲ. ಈ ಸಲ ಬ್ಯಾರನ್ ಉರಿ ನಾನ್ ನೋಡ್ಕತೀನಿ, ಅವ್ರು ಸುಮ್ನೆ ಕೂತಿರ್ಲಿ ಬುಡಿ."

ಬ್ಯಾರನ್ ಅಂದರೆ ಉರಿ ಹಾಕಿ ಹೊಗೆಸೊಪ್ಪು ಹದ ಮಾಡೋ ಮನೆ; ಅದರಲ್ಲಿ ಸೊಪ್ಪು ಬೇಯಿಸೋದು ಹುಡುಗಾಟವಲ್ಲ. ಸೊಪ್ಪು ಹಳದಿಗೆ ತಿರುಗಿದ್ದನ್ನು ಮುಟ್ಟಿ, ಮೂಸಿ ನೋಡಿ ಕಾವು ಏರಿಸಬೇಕು. ಹದ ತಪ್ಪಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತೆ. ಮೂವತ್ತು ವರ್ಷದಿಂದ ಆ ಕೆಲಸ ಅವರದ್ದೇ. ಅದನ್ನೂ ಕಿತ್ಕೊಂಡರೆ ಮನುಷ್ಯ ಬದುಕೋದು ಯಾತಕ್ಕೆ? ಹಂಗಂತ ಬೈದು ಕಳಿಸಿದೆ, ಆದರೆ ಮೈದುನ ನನ್ನ ತಲೆಗೆ ಹುಳ ಬಿಟ್ಟಾಗಿತ್ತು. ಅವರು ಟೀ ಲೋಟವನ್ನು ಎಡಗೈಯಲ್ಲಿ ಹಿಡಿದರೂ ನನಗೆ ಅನುಮಾನ.

ಮಾರನೇ ದಿನ ಬ್ಯಾರನ್ನಿಗೆ ಬೆಂಕಿ ಹಾಕಬೇಕು. ಪರೀಕ್ಷೆ ಮಾಡೇಬಿಡೋಣ ಅಂತ ಅದರ ಮುಂದಿನ ನೆರಳಲ್ಲೇ ಚದುರಂಗದ ಹಲಗೆ ಹಾಸಿದೆ. ಮದುವೆಯಾದ ಹೊಸದರಲ್ಲಿ ಅಲ್ಲೇ ಉರಿ ಕಾಯುತ್ತ ನನಗೆ ಆಟ ಕಲಿಸಿದವರು ಅವರು. ಮೈದುನನೂ ಬಂದು ಕೂತ.

ಆಟ ಕೊನೆಗೆ ಬಂದಾಗ ಅವರಿಗೆ ಉಳಿದಿದ್ದು ರಾಜ ಒಬ್ಬನೇ. ನನಗೆ ರಾಜ, ಒಂದು ಕಾಲಾಳು. ಅದಕ್ಕೆ ಕೊನೇ ಸಾಲು ಇನ್ನೊಂದೇ ಹೆಜ್ಜೆ. ಸೆರಗಿನ ಮರೆಯಲ್ಲಿ ಫೋನಿನ ಆಟದಲ್ಲೂ ಹಂಗೇ ಕಾಯಿ ಜೋಡಿಸಿದೆ. ಹನ್ನೊಂದು ನಡೆಗೆ ಚೆಕ್‌ಮೇಟ್, ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ ಅಂತು.

"ಸೋತ್ರಿ ಕಣ್ರೀ, ಒಪ್ಕೊಳ್ಳಿ," ಅಂದೆ.

ಅವರು ಇಲ್ಲ ಅಂತ ತಲೆ ಆಡಿಸಿದರು.

"ನೋಡಿದ್ರಾ ಅತ್ಗೆ? ಸೋತಿರೋದೂ ತಿಳೀತಿಲ್ಲ," ಅಂದ ಮೈದುನ.

ಹೋಯಿತು, ಇವರ ಬುದ್ಧಿ ನಿಜವಾಗಲೂ ಹೋಯಿತು ಅಂದುಕೊಂಡೇ ಕಾಲಾಳನ್ನು ಕೊನೇ ಸಾಲಿಗೆ ತಳ್ಳಿ, ಫೋನು ತೋರಿಸಿದಂತೆ ಅಲ್ಲಿ ಮಂತ್ರಿ ಇಡಲು ಹೋದೆ. ಅವರು ನನ್ನ ಕೈ ಹಿಡಿದು ಮಂತ್ರಿಯನ್ನು ಕಸಿದುಕೊಂಡರು. ಆ ಜಾಗದಲ್ಲಿ ಕುದುರೆ ಕೂರಿಸಿದರು.

ಅಯ್ಯೋ ನನ್ನ ಮರೆವಿಗಿಷ್ಟು! ನಮ್ಮ ಕಡೆಯ ಆಟದಲ್ಲಿ ಕಾಲಾಳು ಯಾವ ಕಾಯಿಯ ಮನೆ ಮುಟ್ಟುತ್ತೋ ಅದೇ ಕಾಯಿ ಆಗಬೇಕು. ನಾನು ಮುಟ್ಟಿದ್ದು ಕುದುರೆ ಮನೆ. ಒಂಟಿ ಕುದುರೆ ಇಟ್ಟುಕೊಂಡು ಯಾವ ರಾಜನನ್ನೂ ಕಟ್ಟಿಹಾಕೋಕಾಗಲ್ಲ. ನಮ್ಮೂರ ಆಟ ಫೋನಿಗೇನು ಗೊತ್ತು, ಪಾಪ. ನನಗೆ ಗೊತ್ತಿತ್ತಲ್ಲ! ಅವರು ಆಸ್ಪತ್ರೆಯಲ್ಲಿದ್ದಷ್ಟು ದಿನ ಫೋನಿನ ಜೊತೆ ಆಡಿ ಆಡಿ ಮರೆತಿದ್ದೆ.

"ಏಳಪ್ಪ, ಸೌದೆ ತಂದಾಕು," ಅಂತ ಮೈದುನನ ಮೇಲೆ ರೇಗಿದೆ. "ಉರಿ ನಿಮ್ಮಣ್ಣನೇ ನೋಡ್ತಾರೆ."

ಅವನು ಗೊಣಗುತ್ತ ಹೋದ. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

"ತಪ್ಪಾಯ್ತು ಕಣ್ರೀ," ಅಂದೆ. "ಆಟ ಆಡೋಕೆ ಕರೀಲಿಲ್ಲ. ನಿಮ್ಮ ಬುದ್ಧಿ ನೆಟ್ಟಗಿದೆಯಾ ಅಂತ ನೋಡೋಕೆ ಕರೆದೆ."

ಅವರು ಕಾಯಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದರು.

"ಗೊತ್ತು," ಅಂದರು.