ಚುಕ್ಕೆ ಗೆರೆಯ ಮೇಲಿನ ಮನೆ

ಬೆಳಕು ಹರಿಯುವ ಹೊತ್ತಿಗೆ ವಿಸ್ಮಯಾ ತಾಳೆ ತೋಟದ ಕೆಸರಿನಲ್ಲಿ ಮಂಡಿಯೂರಿ ಟೇಪು ಹಿಡಿದಿದ್ದಾರೆ. ಎದುರಿಗೆ ನೇರವಾಗಿ ನೆಟ್ಟ ಮರಗಳ ಸಾಲು ನಡುವೆ ತುಂಡಾಗಿ, ಆಚೆಯ ಮರಗಳು ಒಂದೂವರೆ ಮೀಟರು ಬಲಕ್ಕೆ ನಿಂತಿವೆ. ಭೂಕಂಪದಲ್ಲಿ ಇಲ್ಲಿನ ನೆಲ ಬಿರುಕುಬಿಟ್ಟು ಅಕ್ಕಪಕ್ಕಕ್ಕೆ ಜಾರಿದೆ. ಆ ಬಿರುಕಿನುದ್ದಕ್ಕೂ ನಡೆದು ನಕ್ಷೆ ಬರೆಯುವುದು, ಮೈಸೂರಿನಿಂದ ಬಂದು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನೆಲೆಸಿರುವ ಈ ಭೂವಿಜ್ಞಾನಿಯ ಕೆಲಸ.

"ಈ ತೋಟ ನಮ್ಗೆ ಸ್ಕೇಲ್ ಇದ್ದ ಹಾಗೆ ಸರ್. ಸಾಲು ಎಲ್ಲಿ ತಪ್ಪಿದೆ ಅಂತ ನೋಡಿದ್ರೆ ಸಾಕು," ಎನ್ನುತ್ತಾರೆ, ಬರೆದುಕೊಳ್ಳಲು ಜೊತೆಗೆ ಬಂದ ನನಗೆ.

ಭೂಕಂಪವಾದಾಗ ಟಿವಿಯವರು ಬಂದರು, ಮಂತ್ರಿಗಳು ಬಂದರು, ಫೋಟೊ ತೆಗೆಸಿಕೊಂಡು ಹೋದರು. ಜಿಗಣೆ ಕಚ್ಚಿಸಿಕೊಂಡು ಉಳಿದವರು ಇವರು. ಮಧ್ಯಾಹ್ನಕ್ಕೆ ಮಾಮಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಿಂದ ಕಟ್ಟಿಸಿಕೊಂಡು ತಂದ ತಣ್ಣನೆಯ ಅನ್ನ. ಒಳ್ಳೆಯ ದಿನ ಒಂದು ಕಿಲೋಮೀಟರು ಮುಗಿಯುತ್ತದೆ, ಮಳೆ ಬಂದರೆ ಅದೂ ಇಲ್ಲ. ಕಂಡು ಅಳೆದದ್ದಕ್ಕೆ ನಕ್ಷೆಯಲ್ಲಿ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಚುಕ್ಕೆ ಗೆರೆ. ಗಟ್ಟಿ ಗೆರೆಯ ಮೇಲೆ ಮನೆ ಇರುವಂತಿಲ್ಲ. ಚುಕ್ಕೆಯ ಮೇಲೆ ಇರಬಹುದು. ನಿಯಮ ಮಾಡಿದವರು ಅಲ್ಲಿ ಮಲಗುವುದಿಲ್ಲವಲ್ಲ!

ತೋಟದ ಅಂಚಿನಲ್ಲಿ ಕಾರ್ಮಿಕರ ಲೈನ್ ಮನೆಗಳಿವೆ. ಅಲ್ಲಿಗೆ ಬರುವಷ್ಟರಲ್ಲಿ ಬಿರುಕು ಬೆರಳಗಲಕ್ಕೆ ಇಳಿದಿದ್ದರೂ ಕಾಂತಮ್ಮನೆಂಬ ಕೂಲಿಯಾಳಿನ ಅಡುಗೆಮನೆಯ ನೆಲವನ್ನು ಸೀಳಿತ್ತು. ವಿಸ್ಮಯಾ ಅದನ್ನು ಕಂಡಾಗ ಸಂಜೆಯಾಗಿತ್ತು. ಫೋಟೊ ತೆಗೆದು, ಬೆಳಿಗ್ಗೆ ಅಧಿಕಾರಿಗಳನ್ನು ಕರೆತಂದು ಅಳೆಯುತ್ತೇನೆಂದು ಹೇಳಿ ಹೊರಟರು.

ಮರುದಿನ ಬಂದರೆ ಬಿರುಕಿಗೆ ಸಿಮೆಂಟು ಮೆತ್ತಿದೆ, ಬಾಗಿಲಿಗೆ ರಂಗೋಲಿ ಬಿದ್ದಿದೆ, ಒಲೆಯ ಮೇಲೆ ಚಹಾ ಕುದಿಯುತ್ತಿದೆ.

"ದೊಡ್ಡೋರು ಬರ್ತಾರೆ, ಎಡವಿ ಬಿದ್ರೆ ನಮ್ಗೆ ಅವಮಾನ ಅಲ್ವಾ ಅಂದ್ರು ಪಾಪ ಕಾಂತಮ್ಮ, ತಮಿಳಲ್ಲಿ. ಬರ್ತೀನಿ ಅಂತ ಹೇಳಿದ್ದೇ ನನ್ ಮಿಸ್ಟೇಕ್."

ಸಿಮೆಂಟು ಒಡೆಸಿ ಎಂದು ವಿಸ್ಮಯಾ ಗೋಗರೆದರು. ತೋಟದ ಮ್ಯಾನೇಜರು ಒಪ್ಪಲಿಲ್ಲ. ಫೋಟೊದಲ್ಲಿ ಅಳತೆ ಇಲ್ಲ, ಹಳೆಯ ಬಿರುಕೂ ಇರಬಹುದು ಎಂದರು ಅಧಿಕಾರಿಗಳು, ಅದೇ ಚಹಾ ಹೀರುತ್ತಾ. ನಕ್ಷೆಯಲ್ಲಿ ಆ ಲೈನಿನುದ್ದಕ್ಕೂ ಚುಕ್ಕೆ ಬಿತ್ತು. ಮನೆಗಳಿಗೆ ಸುಣ್ಣ ಬಳಿದು ಜನರನ್ನು ಮತ್ತೆ ಅಲ್ಲೇ ತುಂಬಿದ್ದಾರೆ.

ಕೆಲಸ ಬಿಡಬೇಕು ಅನ್ನಿಸಲಿಲ್ಲವೇ ಎಂದು ನಾನು ಕೇಳಿದರೆ ವಿಸ್ಮಯಾ ಟೇಪು ಸುತ್ತುತ್ತಾರೆ. "ಬಿಟ್ರೆ ಉಳಿದಿದ್ದೂ ಚುಕ್ಕೆ ಆಗುತ್ತೆ ಲಾ," ಎನ್ನುತ್ತಾರೆ, ಮಲೇಷ್ಯಾದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಆಮೇಲೆ ತಾವಾಗಿಯೇ ಹೇಳುತ್ತಾರೆ: "ಕಾಂತಮ್ಮನ ಮೊಮ್ಮಗಳು ಅಡುಗೆಮನೇಲೇ ಮಲಗ್ತಿದ್ಲು, ಆ ಸಿಮೆಂಟ್ ಮೇಲೇನೇ. ಹಾಸಿಗೆ ಎತ್ತಿ ಮುಂದಿನ ರೂಮಲ್ಲಿ ಹಾಕಿಸ್ದೆ. ಮೊನ್ನೆ ಹೇಳ್ದೇನೇ ಹೋಗಿದ್ದೆ ಸರ್. ಹಾಸಿಗೆ ಇನ್ನೂ ಮುಂದಿನ ರೂಮಲ್ಲೇ ಇತ್ತು."